ನೀರು ತುಂಬುವ ಮುಂಚೆ ಬೇರು ನೋಡಿ

ಪ್ರಶ್ನೆ: ನಮ್ಮದು ಮದ್ದೂರು. ಮನೆಯಲ್ಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ, ಮೀನು ಸಾಕುವ ಗಾಜಿನ ತೊಟ್ಟಿ ಇದೆ. ಹೋದ ಸಲ ನೀರು ತುಂಬಿ, ನೆಲಕ್ಕೆ ಹಬ್ಬುವ ಮಾಂಟೆ ಕಾರ್ಲೋ ಗಿಡ ನೆಟ್ಟಿದ್ದೆ. ಎರಡೇ ದಿನಕ್ಕೆ ಅರ್ಧ ಗಿಡ ಕಿತ್ತು ಮೇಲೆ ತೇಲಿತು. ಉಳಿದಿದ್ದಕ್ಕೆ ಪಾಚಿ ಹಿಡಿಯಿತು. ಈ ಸಲ ನೀರಿಲ್ಲದೆ ಗಿಡ ಬೆಳೆಸುವ ಡ್ರೈ ಸ್ಟಾರ್ಟ್ ಮಾಡಿದ್ದೇನೆ. ಕೆಳಗೆ ಅಕ್ವಾ ಸಾಯಿಲ್ (ಅಕ್ವೇರಿಯಂ ಗಿಡಕ್ಕೆಂದೇ ಮಾರುವ ಕಾಳುಮಣ್ಣು) ಹಾಕಿ, ಮುಂದೆ ಮಾಂಟೆ ಕಾರ್ಲೋ, ಒಂದು ಮೂಲೆಗೆ ಕ್ಯೂಬಾ ಅನ್ನುವ ಪುಟ್ಟ ಗಿಡ, ಹಿಂದೆ ಕ್ರಿಪ್ಟೊಕೊರೈನ್ ನೆಟ್ಟಿದ್ದೇನೆ. ಮರದ ಬೊಡ್ಡೆಗೆ ಅನೂಬಿಯಾಸ್ ಕಟ್ಟಿದ್ದೇನೆ. ಮೇಲೆ ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಮುಚ್ಚಿ ಮೂರು ವಾರ ಆಯಿತು. ಇವುಗಳ ಜೊತೆ ನೆಟ್ಟಿದ್ದ ವ್ಯಾಲಿಸ್ನೇರಿಯಾ ಗಿಡ ಮಾತ್ರ ಒಣಗಿ ಹೋಯಿತು. ಮರದ ಮೇಲೆ, ಮಣ್ಣಿನ ಮೇಲೆ ಅಲ್ಲಲ್ಲಿ ಬಿಳಿ ಬೂಷ್ಟು ಬಂದಿದೆ. ನಮ್ಮದು ಬೋರ್‌ವೆಲ್ ನೀರು. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಒ2 ಸಿಲಿಂಡರ್ ಇಲ್ಲ. ಈಗ ನೀರು ತುಂಬಬಹುದಾ? ಅದೇ ದಿನ ಮೀನು ಬಿಡಬಹುದಾ? ಮೀನೇ ಇಲ್ಲದ ತೊಟ್ಟಿಗೆ ದಿನವೆಲ್ಲ ಲೈಟ್ ಯಾಕೆ ಅಂತ ಮನೆಯಲ್ಲಿ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ಈಗಲೇ ನೀರು ತುಂಬಬೇಡಿ. ಇನ್ನೂ ಎರಡು ಮೂರು ವಾರ ತಾಳಿ. ಬೂಷ್ಟು ನೋಡಿ ಗಾಬರಿ ಆಗಬೇಡಿ, ಅದನ್ನು ಹತೋಟಿಗೆ ತರುವುದು ಕಷ್ಟವಲ್ಲ. ಮೀನನ್ನು ಮಾತ್ರ ಅದೇ ದಿನ ಖಂಡಿತ ಬಿಡಬೇಡಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹತ್ತಿಸಿದ್ದು ಸಿಒ2 ಇಲ್ಲ ಅನ್ನುವ ಒಂದು ಸಾಲು. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ಅಮ್ಮನಿಗೆ ಹೇಳಿ: 20 ವ್ಯಾಟ್‌ನ ಎಲ್‌ಇಡಿ ದಿನಕ್ಕೆ 10 ಗಂಟೆ ಉರಿದರೆ ಐದು ದಿನಕ್ಕೆ ಒಂದು ಯೂನಿಟ್ ಕರೆಂಟ್ ಅಷ್ಟೆ. ಈ ವಾರಗಳಲ್ಲಿ ಫಿಲ್ಟರ್ ಇಲ್ಲ, ಪಂಪ್ ಇಲ್ಲ. ಕರೆಂಟ್ ಹೋದರೂ ಗಿಡಕ್ಕೇನೂ ಆಗುವುದಿಲ್ಲ.

ಮೊದಲು ನೀರಿಲ್ಲದೆ ಈ ಗಿಡಗಳು ಬದುಕುವುದು ಹೇಗೆ ಅಂತ ನೋಡೋಣ. ಅದು ಗೊತ್ತಾದರೆ ಮುಂದಿನ ಎಷ್ಟೋ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳುತ್ತೀರಿ. ಅಂಗಡಿಯಲ್ಲಿ ಅಕ್ವೇರಿಯಂ ಗಿಡ ಅಂತ ಮಾರುವುದರಲ್ಲಿ ಬಹುಪಾಲು ಅಪ್ಪಟ ನೀರಿನ ಗಿಡಗಳಲ್ಲ. ಹೊಳೆ ದಂಡೆ, ಜೌಗು, ಗದ್ದೆಗಳಲ್ಲಿ ಬೆಳೆಯುವಂಥವು. ನೀರು ಏರಿದಾಗ ಮುಳುಗುತ್ತವೆ. ಇಳಿದಾಗ ಗಾಳಿಗೆ ಬಂದು ಹೂ ಬಿಡುತ್ತವೆ. ನಿಮ್ಮ ಸುತ್ತಲಿನ ಗದ್ದೆ ಬದುಗಳಲ್ಲೇ ನೋಡಿ, ತೇವ ಇರುವ ಕಡೆ ನೀರುಬ್ರಾಹ್ಮಿ ಹಬ್ಬಿರುತ್ತದೆ. ಅದನ್ನೇ ಅಕ್ವೇರಿಯಂ ಅಂಗಡಿಯಲ್ಲಿ ಬಕೋಪಾ ಅಂತ ಮಾರುತ್ತಾರೆ. ನಾಲ್ಕೆಲೆಯ ಮಾರ್ಸಿಲಿಯಾ, ರೊಟಾಲಾದ ಹಲವು ಜಾತಿ, ಇವೂ ಭತ್ತದ ಗದ್ದೆಯ ಕಳೆಗಳೇ. (ಹಾಗಂತ ಗದ್ದೆಯಿಂದ ಕಿತ್ತು ತಂದು ತೊಟ್ಟಿಗೆ ಹಾಕಬೇಡಿ. ಕೀಟನಾಶಕ ಸಿಂಪಡಿಸಿದ ಗದ್ದೆಯ ಗಿಡ ಸೀಗಡಿಗೆ ವಿಷ ಆಗಬಹುದು.) ನಿಮ್ಮ ಮಾಂಟೆ ಕಾರ್ಲೋ ಅರ್ಜೆಂಟೀನಾದಿಂದ ಬಂದದ್ದು. ಕ್ಯೂಬಾ ಗಿಡದ ಊರು ಅದರ ಹೆಸರಲ್ಲೇ ಇದೆ. ಎರಡೂ ನೀರಿನ ಅಂಚಲ್ಲಿ ನೆಲಕ್ಕಂಟಿ ಹಬ್ಬುವ ಗಿಡಗಳು.

ಗಿಡ ಬೆಳೆಸಿ ಮಾರುವವರಿಗೂ ಇದು ಗೊತ್ತು. ಡೆನ್ಮಾರ್ಕ್‌ನ ಟ್ರಾಪಿಕಾದಂಥ ದೊಡ್ಡ ನರ್ಸರಿಗಳು ಹೆಚ್ಚಿನ ಗಿಡಗಳನ್ನು ಹಸಿರುಮನೆಯಲ್ಲಿ, ಎಲೆ ಗಾಳಿಗೆ ಬಿಟ್ಟೇ ಬೆಳೆಸುತ್ತವೆ. ಹಾಗೆ ಬೆಳೆಸಿದರೆ ಬೇಗ ಬೆಳೆಯುತ್ತದೆ, ಪಾಚಿ, ಬಸವನಹುಳದ ಕಾಟ ಕಮ್ಮಿ. ಅಂದರೆ ನೀವು ಡ್ರೈ ಸ್ಟಾರ್ಟ್ ಮಾಡಿದಾಗ ಗಿಡಕ್ಕೆ ಹೊಸದೇನೂ ಕಲಿಸುತ್ತಿಲ್ಲ. ಅದು ಬೆಳೆದು ಬಂದ ರೀತಿಯಲ್ಲೇ ಇನ್ನಷ್ಟು ದಿನ ಇರಲು ಬಿಡುತ್ತಿದ್ದೀರಿ. ಮನೆಯ ತೊಟ್ಟಿಗೂ ಇದನ್ನು ತಂದು ಹವ್ಯಾಸಿಗಳಲ್ಲಿ ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಟಾಮ್ ಬಾರ್ ಮುಖ್ಯರು.

ಗಾಳಿಯಲ್ಲಿ ಬೇಗ ಬೆಳೆಯುವುದಕ್ಕೆ ಕಾರಣ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಒ2. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 420 ಭಾಗ ಅದು ಇದೆ. ಅದೇ ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಕರಗಿರುವುದು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಸಾಲದು ಅಂತ, ನೀರಿನಲ್ಲಿ ಅನಿಲ ಹರಡುವ ವೇಗ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಮ್ಮಿ. ಗಾಳಿಯಲ್ಲಿರುವ ಎಲೆಗೆ ಊಟ ತಾನಾಗಿ ಬಂದು ಮುಟ್ಟುತ್ತದೆ. ಮುಳುಗಿದ ಎಲೆ ಅದಕ್ಕಾಗಿ ಕಾಯಬೇಕು. ಅದಕ್ಕೇ ಮುಚ್ಚಿದ ತೊಟ್ಟಿಯಲ್ಲಿ ನಿಮ್ಮ ಮಾಂಟೆ ಕಾರ್ಲೋ ಈಗ ಯಾವ ಸಿಲಿಂಡರೂ ಇಲ್ಲದೆ ಚೆನ್ನಾಗಿ ಹಬ್ಬುತ್ತಿರುವುದು.

ಒಂದು ಕೆಲಸ ಮಾಡಿ. ಈಗಿರುವ ಕ್ರಿಪ್ಟೊಕೊರೈನ್‌ನ ಒಂದು ಎಲೆಯನ್ನು ಬೆರಳ ಮಧ್ಯೆ ಹಿಡಿದು ನೋಡಿ. ದಪ್ಪ ಇರುತ್ತದೆ, ಸ್ವಲ್ಪ ಬಿರುಸು. ಮೇಲೊಂದು ತೆಳುವಾದ ಮೇಣದ ಪದರ ಇರುವುದರಿಂದ ನೀರಿನ ಹನಿ ದುಂಡಗೆ ನಿಂತು ಜಾರುತ್ತದೆ. ಗಾಳಿ ಆಡುವುದಕ್ಕೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಇದೇ ಗಿಡ ನೀರೊಳಗೆ ಬಿಡುವ ಎಲೆ ಬೇರೆಯೇ. ತೆಳು, ಮೆತ್ತಗೆ, ಮೇಣ ಇಲ್ಲವೇ ಇಲ್ಲ ಅನ್ನುವಷ್ಟು. ಹೊರಗೆ ಎತ್ತಿದರೆ ಜೋತುಬಿದ್ದು ನಿಮಿಷಗಳಲ್ಲಿ ಬಾಡುತ್ತದೆ. ನಿಮ್ಮ ವ್ಯಾಲಿಸ್ನೇರಿಯಾ ಸತ್ತಿದ್ದೂ ಹೀಗೇ. ಅದು ಪೂರ್ತಿ ನೀರೊಳಗೇ ಬದುಕುವ ಗಿಡ. ಅದಕ್ಕೆ ಗಾಳಿಯ ಎಲೆ ಬಿಡುವ ಗುಣ ಇಲ್ಲ. ವಿಶ್ವೇಶ್ವರಯ್ಯ ನಾಲೆ ಕಡೆ ಕಾಣುವ ಹೈಡ್ರಿಲ್ಲಾ, ಅಂಗಡಿಯ ಹಾರ್ನ್‌ವರ್ಟ್ ಕೂಡ ಇದೇ ಪಂಗಡ. ಇವನ್ನು ನೀರು ತುಂಬಿದ ಮೇಲೆ ತಂದು ಹಾಕಿ. ನಿಮ್ಮ ಆರೈಕೆಯಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ನಿಮ್ಮ ತೊಟ್ಟಿಯ ವಿಷಯ. ಬೂಷ್ಟು ಬರುವುದಕ್ಕೆ ಎರಡೇ ಕಾರಣ: ಸತ್ತ ಎಲೆ, ಮರದಂಥ ತಿನಿಸು ಅದಕ್ಕೆ ಸಿಕ್ಕಿರಬೇಕು, ಗಾಳಿ ಆಡದೆ ಇರಬೇಕು. ಮರದ ಬೊಡ್ಡೆಯ ಮೇಲೆ ಹತ್ತಿಯ ಎಳೆಯ ಹಾಗೆ ಬರುವ ಬಿಳಿ ಬೂಷ್ಟು ಹೊಸ ಮರದಲ್ಲಿ ಮಾಮೂಲಿ. ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಣ್ಣಿನ ಮೇಲಿನದು ಹೆಚ್ಚಾಗಿ ಒಣಗಿದ ವ್ಯಾಲಿಸ್ನೇರಿಯಾ ಇದ್ದ ಜಾಗದಲ್ಲೇ ಶುರುವಾಗಿರುತ್ತದೆ, ನೋಡಿ. ಸತ್ತ ಎಲೆ, ಬೇರು ಎಲ್ಲವನ್ನೂ ಚಿಮುಟದಲ್ಲಿ ಹೆಕ್ಕಿ ತೆಗೆಯಿರಿ. ಉಳಿದ ಮಚ್ಚೆಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಮೆಡಿಕಲ್ ಸ್ಟೋರಲ್ಲಿ ಕೊಂಡ ಬಾಟಲಿ ಮೇಲೆ 6% ಅಂತಿದ್ದರೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ಕಿವಿ ಒರೆಸುವ ಹತ್ತಿ ಕಡ್ಡಿ ಅದರಲ್ಲಿ ಅದ್ದಿ ಬೂಷ್ಟಿಗೆ ಮಾತ್ರ ಮುಟ್ಟಿಸಿ. ಇಡೀ ತೊಟ್ಟಿಗೆ ಎರಚಬೇಡಿ, ಬೇಕೆಂದೇ ಬೆಳೆಸುವ ಮಾಸ್ ಗಿಡ ಇದ್ದರೆ ಸುಟ್ಟುಹೋಗುತ್ತದೆ.

ಆಮೇಲೆ ಗಾಳಿ. ದಿನಕ್ಕೊಮ್ಮೆ ಕ್ಲಿಂಗ್ ಫಿಲ್ಮ್ ಸರಿಸಿ ಹತ್ತು ನಿಮಿಷ ಬಿಡಿ. ಬೂಷ್ಟು ಇರುವಷ್ಟು ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಿರಿ. ಗಿಡ ಬೇರು ಬಿಟ್ಟಿದ್ದರೆ ಒಂದು ಮೂಲೆಯಲ್ಲಿ ಎರಡು ಬೆರಳಗಲ ಯಾವಾಗಲೂ ತೆರೆದಿಟ್ಟರೂ ಆಗುತ್ತದೆ. ಎಲೆ ಅಂಚು ಒಣಗಲು ಶುರುವಾದರೆ ಮತ್ತೆ ಮುಚ್ಚಿ.

ನೀರಿನ ಮಟ್ಟ ಎಷ್ಟಿರಬೇಕು ಅನ್ನುವುದರಲ್ಲೇ ತುಂಬ ಜನ ಎಡವುತ್ತಾರೆ. ಒಟ್ಲು ಪಾತಿಯಲ್ಲಿ ಮೊಳಕೆ ಭತ್ತ ಚೆಲ್ಲಿದ ಮೊದಲ ದಿನಗಳಲ್ಲಿ ಮಣ್ಣು ಹಸಿಯಾಗಿರಬೇಕು, ಮೇಲೆ ನೀರು ನಿಲ್ಲಬಾರದು, ಅಲ್ವಾ? ಇಲ್ಲೂ ಅದೇ ಹದ. ಗಾಜಿನ ಪಕ್ಕದಿಂದ ನೋಡಿ. ನೀರಿನ ಗೆರೆ ಮಣ್ಣಿನ ಮೇಲ್ಮೈಗಿಂತ ಒಂದು ಬೆರಳು ಕೆಳಗಿರಲಿ. ಹಿಂದೆ ಎತ್ತರ, ಮುಂದೆ ತಗ್ಗು ಮಾಡಿದ್ದರೆ ನೀರು ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ಕೆಸರಾಗಿ ನೀಲಿ ಹಸಿರು ಲೋಳೆ ಬರುತ್ತದೆ, ಕೆಟ್ಟ ವಾಸನೆ ಹೊಡೆಯುತ್ತದೆ. ಅಂಥದ್ದು ಕಂಡರೆ ಸಿರಿಂಜಿನಲ್ಲಿ ನೀರು ಹೀರಿ ತೆಗೆಯಿರಿ. ಮಣ್ಣಿನಲ್ಲಿ ತೇವ ಇದ್ದಾಗ ದಿನಕ್ಕೊಮ್ಮೆ ಸಣ್ಣಗೆ ಸಿಂಪಡಿಸಿದರೆ ಸಾಕು. ಗಾಜಿನ ಒಳಗೆಲ್ಲ ಹನಿ ಕಟ್ಟಿದ್ದರೆ ಆ ದಿನ ಅದೂ ಬೇಡ. ಪ್ರೀತಿಯಿಂದ ಜಾಸ್ತಿ ನೀರು ಕೊಡುವವರ ತೊಟ್ಟಿಯಲ್ಲೇ ಬೂಷ್ಟು ಜಾಸ್ತಿ.

ಬಿಸಿಯ ಬಗ್ಗೆ ಎಚ್ಚರ. ಗಿಡಕ್ಕೆ 22ರಿಂದ 28 ಡಿಗ್ರಿ ಹಿತ. ಮೈಸೂರು, ಮಂಡ್ಯ ಕಡೆ ವರ್ಷದ ಹೆಚ್ಚಿನ ಕಾಲ ಮನೆಯೊಳಗೆ ಇದು ತಾನಾಗಿ ಸಿಗುತ್ತದೆ. ಮಾರ್ಚ್, ಏಪ್ರಿಲ್ ಮಾತ್ರ ಕಷ್ಟದ ತಿಂಗಳು. ಹೊರಗೆ 35 ಇದ್ದ ಮಧ್ಯಾಹ್ನ ಮುಚ್ಚಿದ ಗಾಜಿನೊಳಗೆ ಇನ್ನೂ ಏರುತ್ತದೆ. ಆ ತಿಂಗಳುಗಳಲ್ಲಿ ಲೈಟನ್ನು ಸಂಜೆಯಿಂದ ರಾತ್ರಿಗೆ ಹಾಕಿಕೊಳ್ಳಿ. ಗಿಡಕ್ಕೆ ಬೆಳಕು ಯಾವ ಹೊತ್ತಲ್ಲಿ ಸಿಕ್ಕಿತು ಅನ್ನುವುದು ಮುಖ್ಯವಲ್ಲ, ಒಟ್ಟು 10 ಗಂಟೆ ಬೆಳಕು ಸಿಕ್ಕರೆ ಸಾಕು. ಕಿಟಕಿ ಬಿಸಿಲು ನೇರ ಬೀಳುವ ಜಾಗ ಯಾವ ತಿಂಗಳಲ್ಲೂ ಬೇಡ. ಅರ್ಧ ಗಂಟೆ ಬಿಸಿಲು ಬಿದ್ದರೂ ಮುಚ್ಚಿದ ತೊಟ್ಟಿಯಲ್ಲಿ ಗಿಡ ಬೆಂದುಹೋಗುತ್ತದೆ.

ಬೋರ್‌ವೆಲ್ ನೀರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಕಡೆ ಬಹಳ ಕಡೆ ಬೋರ್ ನೀರು ಗಡಸು. ಬಿಂದಿಗೆ ಒಳಗೆ, ಸ್ಟವ್ ಮೇಲಿನ ಪಾತ್ರೆಯಲ್ಲಿ ಬಿಳಿ ಸುಣ್ಣ ಕಟ್ಟುತ್ತಿದ್ದರೆ ಬೇರೆ ಪರೀಕ್ಷೆ ಬೇಡ. ಆ ನೀರು ಸಿಂಪಡಿಸಿದರೆ ಎಲೆ ಮೇಲೂ ಅದೇ ಕಲೆ ಕೂರುತ್ತದೆ. ಅಕ್ವಾ ಸಾಯಿಲ್‌ಗೆ ನೀರಿನ ಗಡಸುತನವನ್ನು ಹೀರಿಕೊಂಡು ನೀರನ್ನು ಮೆದು ಮಾಡುವ ಗುಣ ಇದೆ. ಗಡಸು ನೀರನ್ನೇ ಹಾಕುತ್ತ ಹೋದರೆ ಆ ಶಕ್ತಿ ಬೇಗ ಮುಗಿದುಹೋಗುತ್ತದೆ, ಅಷ್ಟು ದುಡ್ಡು ಕೊಟ್ಟು ತಂದದ್ದು ದಂಡ. ಸಿಂಪಡಿಸುವುದಕ್ಕೆ ಮಳೆ ನೀರು, ಇಲ್ಲದಿದ್ದರೆ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬಳಸಿ. ತೊಟ್ಟಿ ತುಂಬುವಾಗ ಅರ್ಧ ಆರ್‌ಒ, ಅರ್ಧ ಬೋರ್ ನೀರು ಬೆರೆಸಿ. ಪೂರ್ತಿ ಆರ್‌ಒ ಬೇಡ, ಗಿಡಕ್ಕೂ ಮೀನಿಗೂ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಕು. ಮೈಸೂರಿನ ಕಾರ್ಪೊರೇಷನ್ ನಲ್ಲಿಯಲ್ಲಿ ಕಾವೇರಿ, ಕಬಿನಿ ನೀರು ಬರುವ ಮನೆಯವರಿಗೆ ಗಡಸಿನ ತೊಂದರೆ ಅಷ್ಟಿಲ್ಲ. ಅವರು ಕ್ಲೋರಿನ್ ನೋಡಿಕೊಳ್ಳಬೇಕು.

ಗೊಬ್ಬರದ ಬಗ್ಗೆ ಒಂದು ಮಾತು. ಅಕ್ವಾ ಸಾಯಿಲ್ ಇದ್ದರೆ ಈಗ ಏನೂ ಹಾಕಬೇಡಿ, ಅದರಲ್ಲೇ ಸಾಕಷ್ಟಿದೆ. ನಮ್ಮ ಕಡೆ ಗೊಬ್ಬರದಂಗಡಿಯಲ್ಲಿ ಸಿಗುವ 19:19:19 ಅನ್ನು ಸಿಂಪಡಿಸಲಾ ಅಂತ ಹಲವರು ಕೇಳುತ್ತಾರೆ. ಅದರಲ್ಲಿ ಸಾರಜನಕದ ಒಂದು ಭಾಗ ಯೂರಿಯಾ, ಅಮೋನಿಯಂ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಉಳಿದದ್ದು ನೀರು ತುಂಬಿದ ದಿನ ಅಮೋನಿಯಾ ಆಗಿ ಹೊರಬರುತ್ತದೆ. ಮರಳಿನ ಕೆಳಗೆ ಕೊಟ್ಟಿಗೆ ಗೊಬ್ಬರ ಹಾಕುವುದಂತೂ ಬೇಡವೇ ಬೇಡ.

ಈಗ ಮುಖ್ಯ ಪ್ರಶ್ನೆ, ಯಾವಾಗ ತುಂಬುವುದು? ಕ್ಯಾಲೆಂಡರ್ ನೋಡಬೇಡಿ, ಬೇರು ನೋಡಿ. ಡ್ರೈ ಸ್ಟಾರ್ಟ್‌ನ ಲಾಭವೆಲ್ಲ ಬೇರಿನಲ್ಲೇ ಇದೆ. ಮೇಲಿನ ಎಲೆ ಎಷ್ಟು ಚೆಂದ ಇದ್ದರೂ ನೀರು ತುಂಬಿದ ಮೇಲೆ ಅದರಲ್ಲಿ ಬಹುಪಾಲು ಉದುರಿ ಹೊಸ ಎಲೆ ಬರಬೇಕು. ಉಳಿಯುವ ಆಸ್ತಿ ಬೇರು, ಬಳ್ಳಿ ಎರಡೇ. ಹೋದ ಸಲ ನಿಮ್ಮ ಗಿಡ ತೇಲಿದ್ದು ಬೇರಿಗೆ ಹಿಡಿತ ಇರಲಿಲ್ಲ ಅಂತಲೇ.

ಮುಂದಿನ ಗಾಜಿಗೆ ಕಣ್ಣು ಹತ್ತಿರ ತಂದು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಣ್ಣಿನ ಕಪ್ಪು ಕಾಳುಗಳ ನಡುವೆ ದಾರದಷ್ಟು ತೆಳುವಾದ ಬಿಳಿ ಬೇರುಗಳು ಕೆಳಗೆ ಇಳಿದಿರಬೇಕು. ಮೇಲಿನ ಅರ್ಧ ಇಂಚಿನಲ್ಲೇ ಸುತ್ತಿಕೊಂಡಿದ್ದರೆ ಇನ್ನೂ ಆಗಿಲ್ಲ. ಇಂಚು, ಒಂದೂವರೆ ಇಂಚು ಇಳಿದು, ಕಾಳಿನಿಂದ ಕಾಳಿಗೆ ಕೊಂಡಿ ಹಾಕಿದ್ದರೆ ಸರಿ. ಆಮೇಲೆ ಚಿಮುಟದಿಂದ ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಬರುವುದರ ಜೊತೆಗೆ ಅಕ್ಕಪಕ್ಕದ ಮಣ್ಣೂ ಅಲುಗಿದರೆ, ಕಿತ್ತು ಬರುವುದಕ್ಕಿಂತ ಮೊದಲು ಎಳೆ ತುಂಡಾದರೆ, ಗಿಡ ನೆಲ ಹಿಡಿದಿದೆ ಅಂತ ಅರ್ಥ. ನೆಟ್ಟ ಗಿಡಗಳ ನಡುವಿನ ಬರಿ ನೆಲವನ್ನೂ ಬಳ್ಳಿ ಮುಚ್ಚಿರಬೇಕು. ಮಾಂಟೆ ಕಾರ್ಲೋಗೆ ಇದೆಲ್ಲ ಆಗಲು ಸಾಮಾನ್ಯವಾಗಿ 4ರಿಂದ 6 ವಾರ, ಕ್ಯೂಬಾಗೆ 6ರಿಂದ 8 ವಾರ ಹಿಡಿಯುತ್ತದೆ. ನಿಮ್ಮದಕ್ಕೆ ಈಗ ಮೂರು. ಅದಕ್ಕೇ ತಾಳಿ ಅಂದದ್ದು.

ಕಾಯುವ ಈ ದಿನಗಳಲ್ಲಿ ಒಂದು ಕೆಲಸ ಶುರು ಮಾಡಿ. ನಿಮ್ಮ ಫಿಲ್ಟರನ್ನು ಒಂದು ಬಕೆಟ್ ನೀರಿಗೆ ಹಾಕಿ ಓಡಿಸಿ, ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಕೊಳೆಯುವ ಆಹಾರದಿಂದ ಅಮೋನಿಯಾ ಬರುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಸುತ್ತವೆ. ಮೀನು ಚೆನ್ನಾಗಿರುವ ಹಳೇ ತೊಟ್ಟಿ ಗೆಳೆಯರ ಮನೆಯಲ್ಲಿದ್ದರೆ ಅವರ ಫಿಲ್ಟರ್ ಸ್ಪಂಜನ್ನು ಆ ಬಕೆಟ್ಟಿಗೆ ಹಿಂಡಿಸಿಕೊಳ್ಳಿ, ಇನ್ನೂ ಬೇಗ ಆಗುತ್ತದೆ. ತೇವ ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾ ಸ್ವಲ್ಪ ಬೆಳೆದಿರುತ್ತವೆ ನಿಜ. ಅದನ್ನೇ ನಂಬಿ ಡ್ರೈ ಸ್ಟಾರ್ಟ್ ಮಾಡಿದರೆ ತೊಟ್ಟಿ ಹದಕ್ಕೆ ಬಂದಂತೆ, ಅವತ್ತೇ ಮೀನು ಬಿಡಬಹುದು ಅಂತ ಹೇಳುವವರಿದ್ದಾರೆ. ಆ ಮಾತು ನಂಬಿ ಎಷ್ಟೋ ಮೀನು ಸತ್ತಿವೆ. ಫಿಲ್ಟರ್ ಖಾಲಿ, ಅಕ್ವಾ ಸಾಯಿಲ್ ನೀರಿಗೆ ಬಿದ್ದ ಕೂಡಲೇ ಅಮೋನಿಯಾ ಬಿಡುತ್ತದೆ, ಸಾಲದ್ದಕ್ಕೆ ಹಳೇ ಎಲೆ ಕೊಳೆಯುತ್ತಿರುತ್ತದೆ. ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ ಮೇಲಿರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ.

ಈಗ ಆ ಸಿಒ2 ಸಾಲು. ಹೋದ ಸಲ ಸೋತ ಗಿಡ ಡ್ರೈ ಸ್ಟಾರ್ಟ್ ಮಾಡಿದರೆ ಸಿಒ2 ಇಲ್ಲದೆಯೂ ಗೆಲ್ಲುತ್ತದೆ ಅನ್ನುವ ನಂಬಿಕೆಯಿಂದ ತುಂಬ ಜನ ಇದಕ್ಕೆ ಕೈ ಹಾಕುತ್ತಾರೆ. ಹಾಗಾಗುವುದಿಲ್ಲ. ಇಷ್ಟು ವಾರ ಗಾಳಿಯಲ್ಲಿ ಹೊಟ್ಟೆ ತುಂಬ ಉಂಡ ಗಿಡ ಒಂದೇ ದಿನದಲ್ಲಿ ಅರ್ಧ ಮಿಲಿಗ್ರಾಂನ ನೀರಿಗೆ ಬೀಳುತ್ತದೆ. ಅದೇ ಹೊತ್ತಿಗೆ ಹಳೇ ಎಲೆ ಬಿಟ್ಟು ಹೊಸ ಎಲೆ ಕಟ್ಟುವ ಕೆಲಸವೂ ತಲೆ ಮೇಲೆ ಬರುತ್ತದೆ. ಊಟ ಜಾಸ್ತಿ ಬೇಕಾದ ಹೊತ್ತಲ್ಲೇ ಊಟ ನಿಂತಂತೆ. ಕ್ಯೂಬಾ ಈ ಹೊಡೆತವನ್ನು ಹೆಚ್ಚಾಗಿ ತಡೆಯುವುದಿಲ್ಲ. ಹಳದಿಯಾಗಿ, ಕರಗಿ, ಚಾಪೆ ಎದ್ದ ಹಾಗೆ ಪದರವಾಗಿ ಎದ್ದುಬರುತ್ತದೆ. ಮಾಂಟೆ ಕಾರ್ಲೋ ಸ್ವಲ್ಪ ಗಟ್ಟಿ. ಒಳ್ಳೆ ಮಣ್ಣಿದ್ದರೆ ಸಿಒ2 ಇಲ್ಲದೆಯೂ ಬದುಕಬಹುದು, ಆದರೆ ನಿಧಾನ, ವಿರಳ. ಕ್ರಿಪ್ಟೊಕೊರೈನ್, ಅನೂಬಿಯಾಸ್‌ಗೆ ಚಿಂತೆಯಿಲ್ಲ.

ಸಿಲಿಂಡರ್, ರೆಗ್ಯುಲೇಟರ್ ಎಲ್ಲ ಸೇರಿ ದುಬಾರಿ ಅಂತ ನನಗೆ ಗೊತ್ತು. ನಿಮ್ಮ ತೊಟ್ಟಿಗೆ ಮಣ್ಣು ಕಳೆದು 45 ಲೀಟರ್ ನೀರು ಹಿಡಿಯಬಹುದು. ಇಷ್ಟಕ್ಕೆ ಈಸ್ಟ್ ಬಾಟಲಿ ನಡೆಯುತ್ತದೆ. 2 ಲೀಟರಿನ ತಂಪುಪಾನೀಯದ ಬಾಟಲಿಗೆ 200 ಗ್ರಾಂ ಸಕ್ಕರೆ ಇಲ್ಲವೇ ಬೆಲ್ಲ, ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಉಗುರುಬೆಚ್ಚಗಿನ ನೀರು, ಕಾಲು ಚಮಚ ಬೇಕರಿ ಈಸ್ಟ್. ಮಂಡ್ಯ ಜಿಲ್ಲೆಯವರಿಗೆ ಬೆಲ್ಲಕ್ಕೇನು ಬರ! ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಪೈಪ್ ಕೂರಿಸಿ, ಸುತ್ತ ಗಾಳಿ ಸೋರದ ಹಾಗೆ ಅಂಟು ಹಾಕಿ. ಆ ಪೈಪ್ ಮೊದಲು ಅರ್ಧ ನೀರಿರುವ ಇನ್ನೊಂದು ಚಿಕ್ಕ ಬಾಟಲಿಗೆ ಹೋಗಲಿ, ಅಲ್ಲಿಂದ ತೊಟ್ಟಿಗೆ. ನೊರೆ ಉಕ್ಕಿದರೆ ಆ ಬಾಟಲಿಯಲ್ಲೇ ನಿಲ್ಲುತ್ತದೆ. ಪೈಪನ್ನು ಯಾವತ್ತೂ ಕ್ಲಿಪ್ ಹಾಕಿ ಕಟ್ಟಬೇಡಿ, ಒತ್ತಡ ಏರಿ ಬಾಟಲಿ ಸಿಡಿಯುತ್ತದೆ. ಒಂದು ಬಾಟಲಿ ಹತ್ತು ಹದಿನೈದು ದಿನ ಬರುತ್ತದೆ, ಸೆಕೆ ಜಾಸ್ತಿಯಾದರೆ ಇನ್ನೂ ಬೇಗ ಮುಗಿಯುತ್ತದೆ. ಕೊನೆಕೊನೆಗೆ ಗುಳ್ಳೆ ಕಮ್ಮಿಯಾಗುತ್ತ ಬರುವುದೇ ಇದರ ದೋಷ. ಸಿಒ2 ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ ಆದರೆ ಪಾಚಿಗೆ ಹಬ್ಬ. ಎರಡು ಬಾಟಲಿ ಇಟ್ಟುಕೊಂಡು ವಾರಕ್ಕೊಂದರಂತೆ ಸರದಿಯಲ್ಲಿ ಬದಲಾಯಿಸಿದರೆ ಏರಿಳಿತ ತಗ್ಗುತ್ತದೆ. ತೊಟ್ಟಿಯೊಳಗೆ ಒಂದು ಡ್ರಾಪ್ ಚೆಕರ್ (ನೀರಿನ ಸಿಒ2 ಎಷ್ಟೆಂದು ಬಣ್ಣದಲ್ಲಿ ತೋರಿಸುವ ಪುಟ್ಟ ಗಾಜಿನ ಬುರುಡೆ) ಅಂಟಿಸಿ. ನೀಲಿ ಇದ್ದರೆ ಸಿಒ2 ಸಾಲದು, ಎಳೆ ಹಸಿರು ಸರಿ, ಹಳದಿ ಆದರೆ ಮೀನಿಗೆ ಅಪಾಯ.

ಇದೂ ಆಗುವುದಿಲ್ಲ ಅನ್ನುವುದಾದರೆ ಈಗಲೇ ತೀರ್ಮಾನ ಮಾಡಿ. ಕ್ಯೂಬಾ ತೆಗೆದು ಆ ಮೂಲೆಗೆ ಡ್ವಾರ್ಫ್ ಸ್ಯಾಜಿಟೇರಿಯಾನೋ ಮಾರ್ಸಿಲಿಯಾನೋ ನೆಡಿ. ಸಿಒ2 ಇಲ್ಲದೆಯೂ ಹಬ್ಬುತ್ತವೆ. ಎರಡು ತಿಂಗಳು ಸಾಕಿದ ಗಿಡ ಕಣ್ಣೆದುರು ಕರಗುವುದನ್ನು ನೋಡುವುದಕ್ಕಿಂತ ಇದು ಮೇಲು.

ತುಂಬುವ ದಿನ ಅವಸರ ಬೇಡ, ರಜೆಯ ದಿನ ಇಟ್ಟುಕೊಳ್ಳಿ. ಹಿಂದಿನ ದಿನ ಮಾಂಟೆ ಕಾರ್ಲೋವನ್ನು ಕತ್ತರಿಯಿಂದ ಗಿಡ್ಡಗೆ ಕತ್ತರಿಸಿ. ಉದುರಬೇಕಾದ ಎಲೆ ಅಷ್ಟು ಕಮ್ಮಿಯಾಯಿತು. ಕತ್ತರಿಸಿದ ಚೂರು ಒಂದೂ ಉಳಿಯದ ಹಾಗೆ ಹೆಕ್ಕಿ. ಒಂದು ಅಂಗೈಯಗಲ ಗಿಡವನ್ನು ಮಣ್ಣು ಸಮೇತ ಎತ್ತಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಹಾಗೇ ಒಣ ರೀತಿಯಲ್ಲೇ ಬೆಳೆಸುತ್ತಿರಿ. ತೊಟ್ಟಿಯಲ್ಲಿ ಎಲ್ಲಾದರೂ ಕರಗಿದರೆ ತೇಪೆ ಹಾಕಲು ಬೇರೆ ದುಡ್ಡು ಕೊಡಬೇಕಿಲ್ಲ. ಗಿಡದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೊಂದು ತಟ್ಟೆ ಇಟ್ಟು, ಸಣ್ಣ ಪೈಪಿನಲ್ಲಿ ತಟ್ಟೆಗೆ ನೀರು ಬಿಡಿ. ಅರ್ಧ ತುಂಬಿಸಿ ದಿನಗಟ್ಟಲೆ ಬಿಡುವವರೂ ಇದ್ದಾರೆ. ನನಗೆ ಅದರಲ್ಲಿ ಲಾಭ ಕಾಣುವುದಿಲ್ಲ. ಮುಳುಗಬೇಕಾದ ಗಿಡ ಒಂದೇ ಸಲ ಪೂರ್ತಿ ಮುಳುಗಲಿ. ಮೊದಲ ನೀರು ಕಲಕಿದ್ದರೆ ಸೈಫನ್ ಮಾಡಿ ತೆಗೆದು ಮತ್ತೆ ತುಂಬಿ. ಆಮೇಲೆ ಬಕೆಟ್ಟಿನಲ್ಲಿ ಓಡುತ್ತಿದ್ದ ಫಿಲ್ಟರನ್ನು ತೊಟ್ಟಿಗೆ ತನ್ನಿ, ಬಕೆಟ್ಟಿನ ನೀರು ಚೆಲ್ಲಿ. ಸಿಒ2 ಆ ದಿನದಿಂದಲೇ ಶುರುವಾಗಲಿ. ಲೈಟನ್ನು 10 ಗಂಟೆಯಿಂದ 6 ಗಂಟೆಗೆ ಇಳಿಸಿ. ಇದನ್ನು ಮರೆತವರ ತೊಟ್ಟಿಗೆ ಎರಡನೇ ವಾರದಲ್ಲೇ ಪಾಚಿ ಬರುತ್ತದೆ.

ಮೊದಲ ವಾರ ದಿನಾ ಅರ್ಧ ನೀರು ಬದಲಿಸಿ. ನಿಮಗೆ ಅದು 20 ಲೀಟರಿನ ಒಂದು ಕ್ಯಾನಿನಷ್ಟು, ದೊಡ್ಡ ಕೆಲಸವಲ್ಲ. ಎರಡನೇ ವಾರ ದಿನ ಬಿಟ್ಟು ದಿನ, ಮೂರನೇ ವಾರದಿಂದ ವಾರಕ್ಕೆರಡು ಸಲ. ಈ ಹೊತ್ತಲ್ಲಿ ಎಲೆ ಪಾರದರ್ಶಕವಾಗಿ ಕರಗುವುದು ಕಂಡು ಜನ ಹೆದರುತ್ತಾರೆ. ಕ್ರಿಪ್ಟೊಕೊರೈನ್ ಅಂತೂ ಎಲ್ಲ ಎಲೆ ಕಳೆದುಕೊಂಡು ಬರೀ ಬುಡ ಉಳಿಸಿಕೊಳ್ಳಬಹುದು. ಸತ್ತೇಹೋಯಿತು ಅಂತ ಕಿತ್ತೆಸೆಯಬೇಡಿ. ಕೊಳೆತ ಎಲೆ ಮಾತ್ರ ಬುಡಕ್ಕೆ ಕತ್ತರಿಸಿ ತೆಗೆಯಿರಿ. ಬೇರು ಗಟ್ಟಿಯಿದ್ದರೆ ಎರಡು ಮೂರು ವಾರದಲ್ಲಿ ನಡುವಿನಿಂದ ತೆಳುವಾದ, ಬೇರೆಯದೇ ಆಕಾರದ ಎಲೆ ಬರುತ್ತದೆ. ಅದು ನೀರಿನ ಎಲೆ. ಗಾಜಿನ ಮೇಲೆ ಕಂದು ಪುಡಿಯಂಥ ಪಾಚಿ ಬಂದರೆ ಒರೆಸಿಬಿಡಿ, ಹೊಸ ತೊಟ್ಟಿಯಲ್ಲಿ ಅದು ಬಂದು ಹೋಗುತ್ತದೆ. ಕತ್ತರಿಸಿದ ಗಿಡದ ಚೂರುಗಳನ್ನು ನಾಲೆಗೋ ಕೆರೆಗೋ ಎಸೆಯಬೇಡಿ. ಹೊರಗಿನಿಂದ ಬಂದ ಗಿಡ ಅಲ್ಲಿ ಬೇರು ಬಿಟ್ಟರೆ ತೆಗೆಯುವವರಿಲ್ಲ. ಒಣಗಿಸಿ ತಿಪ್ಪೆಗೆ ಹಾಕಿ.

ಮೀನು ಬಿಡುವುದು ಟೆಸ್ಟ್ ಕಿಟ್ ಹೇಳಿದ ಮೇಲೆ. ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಸತತವಾಗಿ ಸೊನ್ನೆ ತೋರಿಸಬೇಕು. ನೀರು ತುಂಬಿ ಮೂರು ನಾಲ್ಕು ವಾರ ಆಗಬಹುದು ಅಂದುಕೊಳ್ಳಿ. ಗೋಲ್ಡ್ ಫಿಶ್ ಬೇಡ, ಅದು ಮಣ್ಣು ಕೆದಕಿ ಹಾಸನ್ನೆಲ್ಲ ಕಿತ್ತುಹಾಕುತ್ತದೆ, ಈ ತೊಟ್ಟಿಗೆ ದೊಡ್ಡದೂ ಆಗುತ್ತದೆ. ನಿಮ್ಮ ನೀರಿಗೆ ಗಪ್ಪಿ ಚೆನ್ನಾಗಿ ಹೊಂದುತ್ತದೆ. ಮೊದಲು ನಾಲ್ಕು ಬಿಡಿ, ಎಲ್ಲ ಗಂಡೇ ಇರಲಿ, ಇಲ್ಲದಿದ್ದರೆ ಮರಿ ತುಂಬಿಹೋಗುತ್ತದೆ. ಈಸ್ಟ್ ಬಾಟಲಿ ರಾತ್ರಿಯೂ ಸಿಒ2 ಬಿಡುತ್ತಲೇ ಇರುವುದರಿಂದ ಲೈಟ್ ಆರಿದ ಮೇಲೆ ಏರ್ ಪಂಪ್ ಹಾಕಿ. ಬೆಳಗ್ಗೆ ಮೀನು ಮೇಲಕ್ಕೆ ಬಂದು ಬಾಯಿ ಆಡಿಸುತ್ತಿದ್ದರೆ ಕೂಡಲೇ ಬಾಟಲಿಯ ಪೈಪನ್ನು ತೊಟ್ಟಿಯಿಂದ ಹೊರಗೆ ತೆಗೆಯಿರಿ. ಎರಡು ವಾರ ಎಲ್ಲ ಸರಿಯಿದ್ದು, ಟೆಸ್ಟ್ ಮತ್ತೆ ಸೊನ್ನೆ ತೋರಿಸಿದರೆ ಇನ್ನು ನಾಲ್ಕು ಸೇರಿಸಬಹುದು.